ಮೂರನೇ ಸಲ

ನಮ್ಮ ಸಂಘದಲ್ಲಿ ತಾನಾಗಿ ಕೈ ಎತ್ತಿದವನನ್ನು ಅಧ್ಯಕ್ಷನನ್ನಾಗಿ ಮಾಡುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮೂರು ಬಿರ್ಕೆನ್‌ರಾಟಿನಲ್ಲಿ ಉಳಿದಿದ್ದ ಒಂದಷ್ಟು ಗಂಡಸರು ಮತ್ತೆ ಫುಟ್‌ಬಾಲ್ ಆಡೋಣವೆಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಯುದ್ಧಕ್ಕೆ ಮುಂಚಿನ ಅಧ್ಯಕ್ಷ ತಾನಾಗಿಯೇ ಕೈ ಎತ್ತಿ ಬಂದವನು. ಬಂದ ವಾರದಲ್ಲೇ ಗೋಲ್‌ಕೀಪರನನ್ನು, ಯಹೂದಿ ಎಂಬ ಕಾರಣಕ್ಕೆ, ತಂಡದಿಂದ ತೆಗೆದುಹಾಕಿದ. ಆಮೇಲೆ ಇಡೀ ತಂಡಕ್ಕೆ ಸೈನ್ಯದ ಸಮವಸ್ತ್ರ ತೊಡಿಸಿ ಯುದ್ಧಕ್ಕೆ ರೈಲು ಹತ್ತಿಸಿದ. ಮರಳಿ ಬಂದವರು ಬೇಕರಿಯಲ್ಲಿ ಕೂತ ಅಷ್ಟೇ ಜನ. ಯಾರು ಮುಂದಾಳಾಗುತ್ತೀರಿ ಎಂಬ ಮಾತು ಬಂದಾಗ ಎಲ್ಲರೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರಂತೆ. ಕೊನೆಗೆ ಬೇಕರಿಯ ಪ್ಯೂಟ್ಸ್‌ನನ್ನೇ ಕೇಳಿದರು. ಒಲ್ಲೆ ಅಂದ. ಮತ್ತೆ ಕೇಳಿದರು. ಒಲ್ಲೆ ಅಂದ. ಮೂರನೇ ಸಲ ಕೇಳಿದಾಗ ಒಪ್ಪಿಕೊಂಡ.

ಅಂದಿನಿಂದ ಅದೇ ಕ್ರಮ. ಅಧ್ಯಕ್ಷಗಿರಿಯನ್ನು ಬಿಡುವವನು ಕೇಳಬೇಕು, ಕೇಳಿಸಿಕೊಂಡವನು ಎರಡು ಸಲ ಒಲ್ಲೆ ಅನ್ನಬೇಕು, ಮೂರನೆಯದಕ್ಕೆ ತಲೆಯಾಡಿಸಬೇಕು. ಮೊದಲ ಸಲಕ್ಕೇ ಹೂಂ ಅಂದರೆ, ಇವನಿಗೆ ಇದರ ಮೇಲೆ ಆಸೆ ಇದೆ ಎಂದು ಜನ ದೂರ ಸರಿಯುತ್ತಾರೆ.

ಈ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ವಾರ್ಷಿಕ ಸಭೆ ಇತ್ತು. ಮಧ್ಯಾಹ್ನ ಕ್ಲಬ್ಬಿನ ಮೈದಾನದಲ್ಲಿ ಪಂದ್ಯ. ಹೂಬರ್ಟ್ ಅಧ್ಯಕ್ಷಗಿರಿ ಬಿಡುತ್ತಿದ್ದ. ಎದೆಯ ಆಪರೇಷನ್ ಆದ ಮೇಲೆ ಅವನು ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಮೇಲಿನ ಹಳೆಯ ತಂಡಗಳ ಫೋಟೋ ನೋಡುವವನಂತೆ ನಟಿಸುತ್ತಾನೆ. ಇವತ್ತು ಹೊಸ ಅಧ್ಯಕ್ಷ ಸಿಗದಿದ್ದರೆ ಪಕ್ಕದ ಹೋಲ್ಸ್‌ಡೋರ್ಫಿನ ಸಂಘದಲ್ಲಿ ಸೇರಿಹೋಗುವುದು ಎಂದು ಮೊದಲೇ ಮಾತಾಗಿತ್ತು. ನೂರು ವರ್ಷ ದಾಟಿದ ಹೆಸರು, ಹಸಿರು ಅಂಗಿ, ಎಲ್ಲ ಹೋಗುತ್ತದೆ.

ನಾನು ತಂಡದ ನಾಯಕ, ಹೆಂಡ್ರಿಕ್. ಮೊಣಕಾಲು ನೋಯುತ್ತದೆ, ಗೋದಾಮಿನಲ್ಲಿ ಪಾಳಿಯ ಕೆಲಸ, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ನನ್ನನ್ನೇ ಕೇಳುತ್ತಾರೆಂದು ಗೊತ್ತಿತ್ತು. ಕೇಳಲಿ ಅಂತಲೂ ಇತ್ತು. ಹೆಂಡತಿಗೂ ಹೇಳಿರಲಿಲ್ಲ. ನಮ್ಮ ಹಳೆಯ ಊರಿನ ಕೆಳಗೆ ಕಲ್ಲಿದ್ದಲು ಇತ್ತು, ಅದಕ್ಕಾಗಿ ಊರನ್ನೇ ಎತ್ತಿ ಇಲ್ಲಿಗೆ ತಂದರು. ಅಪ್ಪನ ಗೋರಿಯೂ ಲಾರಿಯಲ್ಲಿ ಬಂತು. ಹಳೆಯ ಚರ್ಚು, ಹಳೆಯ ಮೈದಾನ ಇದ್ದಲ್ಲಿ ಈಗ ಬರೀ ಗಾಳಿ, ಕೆಳಗೆ ಗಣಿಯ ಗುಂಡಿ. ಅಲ್ಲಿಂದ ಇಲ್ಲಿಗೆ ಮುರಿಯದೆ ಬಂದದ್ದು ಈ ಹೆಸರೊಂದೇ. ಅದನ್ನು ಹೊರುವುದಾದರೆ ಹೊರೋಣ ಅನಿಸಿತ್ತು. ಆದರೆ ಹೊರಿಸಬೇಕು, ನಾನಾಗಿ ಎತ್ತಿಕೊಳ್ಳುವಂತಿಲ್ಲ.

ಕ್ಲಬ್ಬಿನ ಕೋಣೆ ಅರ್ಧ ಖಾಲಿ. ಕೌಂಟರಿನ ಹಿಂದೆ ಮಾರ್ಲೀಸ್ ಬನ್ನಿಗೆ ಹಸಿ ಕೊಚ್ಚಿದ ಮಾಂಸ, ಈರುಳ್ಳಿ ಹಚ್ಚುತ್ತಿದ್ದಳು. ಅವಳ ಗಂಡ, ಮಗ, ಮೊಮ್ಮಗ ಮೂವರೂ ಇಲ್ಲಿ ಆಡಿದವರೇ. ನಮ್ಮ ಸಂಘದಲ್ಲಿ ಎಲ್ಲರಿಗೂ ಏಕವಚನ, ಅವಳ ಬೈಗುಳವೂ ಎಲ್ಲರಿಗೂ ಸಮ.

"ಬಿಯರ್ ಕುಡಿಯೋಕೆ ಮೂವತ್ತು ಜನ, ಆಡೋಕೆ ಒಂಬತ್ತು," ಅಂದಳು. "ಹೋಲ್ಸ್‌ಡೋರ್ಫಿನವರು ಬಂದು ನಿಮ್ಮನ್ನೆಲ್ಲ ತಕ್ಕಡೀಲಿ ತೂಗಿ ಒಯ್ಯಲಿ."

"ನಿನ್ನನ್ನ ತೂಗೋ ತಕ್ಕಡಿ ಅವರ ಹತ್ರ ಇಲ್ಲ ಮಾರ್ಲೀಸ್," ಅಂದ ನಮ್ಮ ಗೋಲ್‌ಕೀಪರ್ ಎರ್ಕಾನ್. ಅವನು ಹೊಸ ಊರಿಗೆ ಮನೆ ಮಾಡಿಕೊಂಡು ಬಂದವನು, ತಂಡ ಸೇರಿ ಎರಡು ವರ್ಷ.

"ಬಾಯಿಗೆ ಮಾತು ಬಂದಷ್ಟು ಕೈಗೆ ಚೆಂಡು ಬಂದಿದ್ರೆ ನಾವು ಮೇಲಿನ ದರ್ಜೇಲಿ ಇರ್ತಿದ್ವಿ ಕಣೋ."

ಹೂಬರ್ಟ್ ಎದ್ದು ನಿಂತ. ಸತ್ತವರ ಹೆಸರು ಹೇಳಿದ, ಎಲ್ಲರೂ ಒಂದು ಗಳಿಗೆ ಎದ್ದು ನಿಂತೆವು. ಆಮೇಲೆ ಅವನು ನನ್ನ ಕಡೆ ತಿರುಗಿದ.

"ಹೆಂಡ್ರಿಕ್, ಈ ಸಲ ನೀನು ಮಾಡ್ತೀಯಾ?"

"ಇಲ್ಲಪ್ಪ, ನನ್ನ ಕೈಲಾಗಲ್ಲ," ಅಂದೆ. ಕೋಣೆಯಲ್ಲಿ ಬಿಗಿ ಸಡಿಲವಾದದ್ದು ತಿಳಿಯಿತು. ಎಲ್ಲ ಸರಿಯಾದ ದಾರಿಯಲ್ಲೇ ಹೋಗುತ್ತಿತ್ತು. ಯಾರೋ ಬನ್ನು ಕಚ್ಚಿದರು.

"ನಿನ್ನ ಬಿಟ್ಟು ಯಾರಿದಾರೆ ಹೇಳು. ಮಾಡ್ತೀಯಾ?"

"ಮೊಣಕಾಲು ನೋಡು, ಪಾಳಿ ನೋಡು. ಮಕ್ಕಳಿನ್ನೂ ಸಣ್ಣವು. ಬೇಡ ಹೂಬರ್ಟ್."

ಬೇಕಾದ್ದಕ್ಕಿಂತ ಚೆನ್ನಾಗಿ ಹೇಳಿಬಿಟ್ಟೆ. ಹೇಳುವಾಗ ಅದೆಲ್ಲ ನಿಜವೇ ಆಗಿತ್ತು, ದನಿಯಲ್ಲಿ ಬೆಳಗಿನ ಪಾಳಿಯ ನಿದ್ದೆಗೇಡು ಇತ್ತು. ಮೇಜಿನ ಕೆಳಗೆ ಕೈಗಳನ್ನು ಹೆಣೆದುಕೊಂಡು ಕಾದೆ.

ಹೂಬರ್ಟ್ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ಸರಿ," ಅಂದ. "ಬಿಡ್ರಪ್ಪ ಅವನನ್ನ. ಅವನಿಗೂ ಸಾಕಾಗಿದೆ."

ಮಾರ್ಲೀಸಳ ಚಾಕು ನಿಂತಿತು. ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೂರನೇ ಪ್ರಶ್ನೆಯನ್ನು ಬೇರೆ ಯಾರೂ ಕೇಳುವಂತಿರಲಿಲ್ಲ, ಅದು ಬಿಡುವವನದು. ಎರ್ಕಾನ್ ನನ್ನ ಪಕ್ಕೆಗೆ ತಿವಿದ.

"ಏಯ್, ನಿಂಗೆ ಬೇಕು ಅಂತ ಮುಖದ ಮೇಲೆ ಕಾಣ್ತಾ ಇದೆ. ಕೈ ಎತ್ತೋ ಮಾರಾಯ."

"ನಮ್ಮಲ್ಲಿ ಹಾಗೆ ಎತ್ತಲ್ಲ."

"ಯಾಕೆ?"

ಬೇಕರಿ, ರೈಲು, ಗೋಲ್‌ಕೀಪರ್, ಎಲ್ಲ ಅವನಿಗೆ ಹೇಳಬೇಕಿತ್ತು. ಹೇಳುವಷ್ಟು ಹೊತ್ತು ಇರಲಿಲ್ಲ. ಕೈ ಎತ್ತಲು ನೋಡಿದೆ ಅಂತಲೂ ಹೇಳಬಲ್ಲೆ. ಭುಜದವರೆಗೆ ಆಸೆ ಬಂತು, ಅಲ್ಲಿಂದ ಮುಂದೆ ಅದು ನನ್ನ ಕೈ ಆಗಿರಲಿಲ್ಲ, ಬೇಕರಿಯ ಪ್ಯೂಟ್ಸ್‌ನದಾಗಿತ್ತು.

"ಹಾಗಾದ್ರೆ ಹೋಲ್ಸ್‌ಡೋರ್ಫ್ ಜೊತೆ ಸೇರೋದಕ್ಕೆ ಒಪ್ಪಿಗೆ ಇರೋರು," ಅಂದ ಹೂಬರ್ಟ್, ಅವಸರದಲ್ಲಿ, ಮಾತ್ರೆ ನುಂಗುವವನಂತೆ.

ಒಬ್ಬೊಬ್ಬರೇ ಕೈ ಎತ್ತಿದರು. ಮಾರ್ಲೀಸ್ ಮಾಂಸ ಮೆತ್ತಿದ ಚಾಕುವಿನೊಂದಿಗೇ ಎತ್ತಿದಳು. ನನ್ನ ಕೈಯೂ ಮೇಲೆ ಹೋಯಿತು. ಸುಲಭವಾಗಿ ಹೋಯಿತು.

ಆಮೇಲೆ ಹೊರಗೆ, ಮೈದಾನದ ಅಂಚಿನ ಕಂಬಿಗೆ ಒರಗಿ ಹೂಬರ್ಟ್ ನಿಂತಿದ್ದ. ನಾನು ಬೂಟಿನ ದಾರ ಬಿಗಿಯುತ್ತಿದ್ದೆ.

"ಮೂರನೇದಕ್ಕೆ ಕಾಯ್ತಾ ಇದ್ದೆ ನೀನು, ಅಲ್ವಾ?" ಅಂದ.

"ಹೂಂ."

"ಗೊತ್ತಾಯ್ತು." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನನ್ನನ್ನ ಮೂರನೇ ಸಲ ಕೇಳ್ದಾಗ ಯಾರೂ ನನ್ನ ಮುಖ ನೋಡ್ಲಿಲ್ಲ ಹೆಂಡ್ರಿಕ್. ಮಗಳ ಮದುವೆ ದಿನ ಕೂಡ ನಾನು ಇಲ್ಲಿ ಸುಣ್ಣದ ಗೆರೆ ಹಾಕ್ತಿದ್ದೆ. ನಿಂಗೆ ಆ ಪಾಡು ಬರೋದು ಬೇಡ ಅನ್ನಿಸ್ತು ನಂಗೆ. ಕೇಳೋಕೆ ಬಾಯಿ ಬರ್ಲಿಲ್ಲ."

ಬೈಯಬೇಕೋ ಕೈ ಕುಲುಕಬೇಕೋ ತಿಳಿಯಲಿಲ್ಲ. "ಹುಷಾರು, ಗಾಳಿ ತಣ್ಣಗಿದೆ," ಅಂದು ಮೈದಾನಕ್ಕೆ ಇಳಿದೆ.

ರೆಫರಿ ನಾಣ್ಯ ಚಿಮ್ಮಿದ. ನಾನು ಗೆದ್ದೆ. ಹಳೆಯ ಊರಿನ ಮೈದಾನ ಚರ್ಚಿನ ಕಡೆಗೆ ಏರಿತ್ತು. ನಾಣ್ಯ ಗೆದ್ದರೆ ಮೊದಲರ್ಧ ಏರಿನಲ್ಲಿ ಆಡುವುದು ಅಲ್ಲಿನ ರೂಢಿ, ದಣಿದ ಮೇಲೆ ಇಳಿಜಾರು ನಮಗೇ ಸಿಗುವಂತೆ. ಇಲ್ಲಿನ ಮೈದಾನ ಯಂತ್ರದಿಂದ ಸಮ ಮಾಡಿದ್ದು, ಚೆಂಡಿಟ್ಟರೆ ಅಲ್ಲೇ ನಿಲ್ಲುತ್ತದೆ. ಆದರೂ ಇಲ್ಲಿಗೆ ಬಂದಾಗಿನಿಂದ ಎಲ್ಲ ನಾಯಕರೂ ಅದನ್ನೇ ಕೇಳುತ್ತ ಬಂದಿದ್ದಾರೆ.

"ಯಾವ ಕಡೆ?" ಅಂದ ರೆಫರಿ.

ಚರ್ಚು ಇದ್ದಿರಬೇಕಾದ ಕಡೆಗೆ ಬೆರಳು ತೋರಿಸಿದೆ. ನಮ್ಮ ಒಂಬತ್ತು ಜನ ಒಂದು ಮಾತೂ ಕೇಳದೆ ಇಲ್ಲದ ಏರಿಗೆ ಮುಖ ಮಾಡಿ ನಿಂತರು.