ತೂಕದ ಕಾಲಂನಲ್ಲಿ ಮುಬೀನಾಳ ಮಗಳು

೧
ಎಲ್ಲಿಂದ ಶುರು ಮಾಡಲಿ? ಲೋಕಲ್ ರೈಲಿನಿಂದ ಬೇಡ, ಮುಂಬೈ ಕಥೆಯೆಂದರೆ ಎಲ್ಲರೂ ಅಲ್ಲೇ ಹತ್ತುತ್ತಾರೆ. ಕ್ವೆರಿಯಿಂದ ಶುರು ಮಾಡುತ್ತೇನೆ. ಹೆದರಬೇಡಿ, ಕ್ವೆರಿ ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಷ್ಟೇ. ಗೋರೆಗಾಂವ್ ಆಫೀಸಿನಲ್ಲಿ ಕೂತು, ಭಾಂಡುಪ್ ಕಡೆಯ ಒಂದು ಆಸ್ಪತ್ರೆಗಾಗಿ ನಾನು ದಿನಾ ಸಂಜೆ ಕೇಳುವುದು ಇದು: ಒಂದೂವರೆ ಸಾವಿರ ಗ್ರಾಂಗಿಂತ ಕಡಿಮೆ ತೂಕದ ಕೂಸುಗಳು ಯಾರು ಯಾರು? ಆ ಪಟ್ಟಿಯಲ್ಲಿದ್ದರೆ ಮಾತ್ರ ನಾಳೆ ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು ಸಿಗುತ್ತದೆ.

೨
(ಮೊದಲ ಡ್ರಾಫ್ಟ್ ಹರಿದೆ. ಅದರಲ್ಲಿ ನಾನೇ ಹೀರೋ ಆಗಿದ್ದೆ.)

ತೂಕದ ಕಾಲಂನಲ್ಲಿ ನರ್ಸ್‌ಗಳು ಅಂಕಿ, ಅಕ್ಷರ ಏನು ಬೇಕಾದರೂ ಬರೆಯಬಹುದು. ನಾನು ಅದನ್ನು ಸಂಖ್ಯೆ ಮಾಡಿಕೊಳ್ಳಬೇಕು. ಆವತ್ತು ಒಂದು ಸಾಲು ಮಾತ್ರ ಸಂಖ್ಯೆಯಾಗಲಿಲ್ಲ, ಎರರ್ ಬಂದು ಇಡೀ ಪಟ್ಟಿ ನಿಂತಿತು. ನಾನು ಮಹಾ ಜಾಣ, 'ಟ್ರೈ ಕಾಸ್ಟ್' ಹಾಕಿದೆ. ಸಂಖ್ಯೆಯಾದರೆ ಸಂಖ್ಯೆ, ಆಗದಿದ್ದರೆ 'ನಲ್', ಅಂದರೆ ಗೊತ್ತಿಲ್ಲ. ಎರರ್ ಮಾಯವಾಯಿತು. ಜೊತೆಗೆ ಒಂದು ಕೂಸೂ ಪಟ್ಟಿಯಿಂದ ಜಾರಿತು, ಏಕೆಂದರೆ 'ಗೊತ್ತಿಲ್ಲ' ಎಂಬುದು ಯಾವ ಸಂಖ್ಯೆಗಿಂತಲೂ ಕಡಿಮೆಯಲ್ಲ. ಇದನ್ನು ನಾವು ಕ್ವೆರಿ ಬರೆಯುವವರು 'ಸೇಫ್' ಅನ್ನುತ್ತೇವೆ.

೩
ಆ ಆಸ್ಪತ್ರೆಯ ನರ್ಸ್ ಚನ್ನವ್ವ ಫೋನ್ ಮಾಡಿದಳು, ಧಾರವಾಡದವಳು. "ಸರ್, ಮುಬೀನಾನ ಕೂಸು ಲಿಸ್ಟ್‌ನ್ಯಾಗ ಇಲ್ಲ. ತಾಯಿಗೆ ಇನ್ನೂ ಎದಿಹಾಲ ಬಂದಿಲ್ಲ."

ಆ ಕೂಸಿನ ತೂಕದ ಕಾಲಂ ನೋಡಿದೆ: '1310, ನಿನ್ನೆಗಿಂತ ಇಪ್ಪತ್ತು ಜಾಸ್ತಿ, ನನ್ನ ಬೆರಳು ಹಿಡಿದಳು'.

"ಸಿಸ್ಟರ್, ಅಲ್ಲಿ ಅಂಕಿ ಮಾತ್ರ ಬರೀಬೇಕು."

"ಮುಬೀನಾಗ ಜ್ವರ, ಕೂಸಿಗೆ ಹತ್ತಬಾರದಂತ ಇವತ್ತ ಆಕೀನ ಮನೀಗೆ ಕಳಿಸೇವಿ, ಕೂಸು ಇಲ್ಲೇ ಅದ. ವಿಜಯಪುರದಾಕಿ, ಆಕಿಗೆ ಓದಾಕ ಬರೋದು ಕನ್ನಡ ಅಷ್ಟ. ಆ ಸಾಲು ಆಕಿ ಮೊಬೈಲಿಗೆ ಹೋಗ್ತದ. ಬರೇ ನಂಬರ್ ಓದಿ ಯಾವ ತಾಯಿ ನಿದ್ದಿ ಮಾಡ್ತಾಳ್ರಿ?"

ನನಗೆ ನಾಚಿಕೆಯಾಯಿತು. (ಇಲ್ಲೊಂದು ಉಪಮೆ ಇತ್ತು, ಅಳಿಸಿದೆ.) ಕೂಸನ್ನು ಕೈಯಾರೆ ಪಟ್ಟಿಗೆ ಸೇರಿಸಿದೆ. ಆಮೇಲೆ ಇನ್ನೊಂದು ಕ್ವೆರಿ ಬರೆದೆ: ಸಂಖ್ಯೆಯಾಗದ ಸಾಲುಗಳೆಲ್ಲ ಇನ್ನು ಮೇಲೆ ಪಟ್ಟಿಯ ತಲೆಗೇ ಬರಲಿ, ಮನುಷ್ಯರು ಓದಲಿ. ಚನ್ನವ್ವನ ಸಾಲನ್ನು ಮುಟ್ಟಲಿಲ್ಲ.

೪
ಮುಕ್ತಾಯ ಅ: ಕೂಸು ಎರಡು ಕೆಜಿ ತೂಗಿ ಮನೆಗೆ ಹೋಯಿತು.

ಮುಕ್ತಾಯ ಆ: (ಬರೆಯಲು ಕೈ ಬರಲಿಲ್ಲ.)

ಮುಕ್ತಾಯ ಇ: ಕೂಸಿಗೆ ಒಂದು ಚಂದದ ಹೆಸರಿಟ್ಟು ಮುಗಿಸೋಣವೆಂದು ಮಾರನೆಯ ದಿನ ಮುಬೀನಾಳಿಗೇ ಫೋನ್ ಮಾಡಿ, ಕಥೆ ಬರೆಯುತ್ತಿದ್ದೇನೆಂದು ಹೇಳಿ, ಹೆಸರು ಕೇಳಿದೆ.

"ಹೆಸರು ಕೂಸು ಮನೀಗೆ ಬಂದ ಮ್ಯಾಲೆ ಇಡ್ತೀವ್ರಿ ಭಾಯ್," ಅಂದಳು. ದನಿಯಲ್ಲಿ ಇನ್ನೂ ಜ್ವರವಿತ್ತು. "ನೀವು ಕಥಿ ಮುಗಿಸಬ್ಯಾಡ್ರಿ. ಇವತ್ತಿನ ತೂಕ ಇನ್ನೂ ಬರಬೇಕಲ್ಲ."

ಸರಿ, ಮುಗಿಸುವುದಿಲ್ಲ. ಸಂಜೆ ಐದು ಗಂಟೆ. ನಾನು ಇಲ್ಲಿ, ಮುಬೀನಾ ಅಲ್ಲಿ, ಇಬ್ಬರೂ ಸ್ಕ್ರೀನ್ ನೋಡುತ್ತಿದ್ದೇವೆ. ಚನ್ನವ್ವ ಟೈಪ್ ಮಾಡುತ್ತಿದ್ದಾಳೆ: '1330, ನಿನ್ನೆಗಿಂತ