ಮುತ್ತಿ ಮಲಗಿದ ನೆಲ

ಸುರಪುರದ ಗುಡ್ಡದ ಬುಡದಲ್ಲಿ ಕುದುರೆ ತಿಮ್ಮಣ್ಣನ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಶಹಾಪುರ, ಕೆಂಭಾವಿ, ಹುಣಸಗಿ, ಯಾವ ಊರಿನಲ್ಲಿ ಮದುಮಗನ ಮೆರವಣಿಗೆ ಹೊರಟರೂ ಅವನ ಕುದುರೆಗಳೇ ಬರಬೇಕಿತ್ತು. ಜನರ ನಡುವೆ ಲಗಾಮು ಹಿಡಿದು ನಡೆಯುವವನು ತಿಮ್ಮಣ್ಣ. ಆದರೆ ಅವುಗಳಿಗೆ ಮೇವು ಹಾಕಿ, ಮೈ ತಿಕ್ಕಿ, ಬಾಲ ಹಿಕ್ಕಿ ಸಾಕುತ್ತಿದ್ದವಳು ಅವನ ಹೆಂಡತಿ ಲಾಲಮ್ಮ.

ಮೊದಲು ಮೂರು ಕುದುರೆಗಳಿದ್ದವು. ಓಣಿಗೆ ಸಿಸಿ ರಸ್ತೆ ಬಂದ ಮೇಲೆ ರಸ್ತೆ ಎತ್ತರವಾಗಿ ಲಾಯ ತಗ್ಗಿನಲ್ಲಿ ಉಳಿಯಿತು. ಮಳೆ ಬಿದ್ದರೆ ಗುಡ್ಡದ ನೀರಿನ ಜೊತೆ ಚರಂಡಿಯ ನೀರೂ ಸೇರಿ ಒಳಗೆ ನುಗ್ಗುತ್ತಿತ್ತು. ಆ ರಾಡಿಯಲ್ಲಿ ನಿಂತು ನಿಂತು ಸುಲ್ತಾನ ಎಂಬ ದೊಡ್ಡ ಕುದುರೆಯ ಗೊರಸು ಕೊಳೆಯಿತು. ಎಷ್ಟು ಮದ್ದು ಹಚ್ಚಿದರೂ ವಾಸಿಯಾಗದೆ ಅದು ಸತ್ತುಹೋಯಿತು. ಉಳಿದವು ಮುತ್ತಿ ಎಂಬ ಬಿಳಿ ಹೆಣ್ಣು ಕುದುರೆ ಮತ್ತು ಬಾದಶಹಾ ಎಂಬ ಕಂದು ಬಣ್ಣದ ಗಂಡು.

ಸುಲ್ತಾನನನ್ನು ಹೂತು ಬಂದ ದಿನವೇ ಲಾಲಮ್ಮ ಕೊಂಕಲ್‌ನಲ್ಲಿದ್ದ ತಮ್ಮ ಮರಿಲಿಂಗನಿಗೆ ಫೋನ್ ಹಚ್ಚಿದಳು. ಮರಿಲಿಂಗ ಗೌಂಡಿ ಕೆಲಸದವನು.

"ತಮ್ಮಾ, ತಬೇಲಾಕ್ಕ ಪಕ್ಕಾ ನೆಲ ಹಾಕಿಕೊಡೋ. ಇನ್ನೊಂದು ಮಳಿಗಾಲ ಈ ರಾಡ್ಯಾಗ ನಿಂತ್ರ ಮುತ್ತೀನೂ ಉಳಿಯಂಗಿಲ್ಲ."

"ನೀ ಚಿಂತಿ ಬಿಡು ಅಕ್ಕಾ. ನಾ ಬರ್ತೀನಿ."

ಅವನು ಬಂದ. ನೆಲವನ್ನು ಎತ್ತರಿಸಿ, ಕಲ್ಲಿನ ಕಡಿ ತುಂಬಿ, ಮೇಲೆ ದಪ್ಪನೆಯ ಕಾಂಕ್ರೀಟು ಹಾಸಿದ. ಅಕ್ಕನ ಕೆಲಸವೆಂದು ಕರಣಿಯಲ್ಲಿ ಮತ್ತೆ ಮತ್ತೆ ಎಳೆದು ನುಣ್ಣಗೆ ಮಾಡಿದ. ಓಣಿಯವರು ಬಂದು ನೋಡಿ, "ಮನಿಗಿಂತ ಕುದರೀಗೇ ಛಲೋ ನೆಲ ಆತಲ್ಲ ಲಾಲವ್ವ" ಎಂದು ನಕ್ಕರು. ಲಾಲಮ್ಮನೂ ನಕ್ಕಳು. ಆ ಮಳೆಗಾಲದಲ್ಲಿ ಓಣಿಯ ನೀರು ಹೊರಗೇ ಹರಿದುಹೋಯಿತು. ಮಳೆ ನೋಡುತ್ತ ಲಾಯದ ಬಾಗಿಲಲ್ಲಿ ಕೂತು, ಇದನ್ನು ಮೊದಲೇ ಮಾಡಿಸಿದ್ದರೆ ಸುಲ್ತಾನ ಬದುಕುತ್ತಿದ್ದ ಎಂದು ಎಷ್ಟೋ ಸಲ ಅಂದುಕೊಂಡಳು.

ಮೊದಲೆಲ್ಲ ಬೆಳಿಗ್ಗೆ ಕುದುರೆಗಳ ಪಕ್ಕೆಗೆ ಅಂಟಿದ ಮಣ್ಣು ತಿಕ್ಕಿ ತೆಗೆಯುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ಈಗ ಯಾವಾಗ ನೋಡಿದರೂ ಮುತ್ತಿಯ ಮೈ ಹಾಲಿನಂತೆ ಬೆಳ್ಳಗಿರುತ್ತಿತ್ತು. ಪಕ್ಕಾ ನೆಲದ ಗುಣ ಎಂದು ಲಾಲಮ್ಮ ಹಿಗ್ಗಿದಳು. ಮುತ್ತಿ ನೆಲಕ್ಕೆ ಮೈ ಹಚ್ಚುವುದನ್ನೇ ಬಿಟ್ಟಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ದೀಪಾವಳಿ ಕಳೆದು ಮದುವೆಗಳು ಶುರುವಾದವು. ಕೆಂಭಾವಿಯ ಒಂದು ಮೆರವಣಿಗೆಯಲ್ಲಿ ಡಿಜೆ ಹಾಡಿನ ನಡುವೆ ಮುತ್ತಿ ಮುಗ್ಗರಿಸಿತು. ಮದುಮಗ ಅದರ ಕುತ್ತಿಗೆಯನ್ನು ಅಪ್ಪಿ ಹಿಡಿದಿದ್ದರಿಂದ ಉಳಿದ. ಅವನ ಕಡೆಯವರು ತಿಮ್ಮಣ್ಣನನ್ನು ಬಾಯಿಗೆ ಬಂದಂತೆ ಬೈದರು. ಮನೆಗೆ ಬಂದವನೇ ಅವನು ಲಗಾಮನ್ನು ಗೂಟಕ್ಕೆ ಎಸೆದ.

"ಏನಾಗ್ಯಾದ ನೋಡು ನಿನ್ನ ಮುತ್ತಿಗೆ. ನಿಂತಲ್ಲೇ ತೂಕಡಸ್ತದ. ಕಾಲು ಎತ್ತಿ ಇಡಾಕ ಬರವಲ್ದು."

ಲಾಲಮ್ಮ ಕೂತು ಅದರ ಮುಂಗಾಲು ಮುಟ್ಟಿ ನೋಡಿದಳು. ಮಂಡಿ ಬಾತಿತ್ತು, ಬಿಸಿಯಾಗಿತ್ತು.

ಮರುದಿನ ಗೋಗಿಯಿಂದ ಮಸ್ತಾನಸಾಬ ಬಂದ. ಈ ಭಾಗದ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಮುದುಕ. ಮುತ್ತಿಯ ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡು ಒತ್ತಿದ. ಮುತ್ತಿ ನಡುಗಿ ಕಾಲು ಕಸಿದುಕೊಂಡಿತು. ಅವನು ಕೆಳಗೆ ನೆಲ ನೋಡಿದ, ಆಮೇಲೆ ಲಾಲಮ್ಮನ ಮುಖ ನೋಡಿದ.

"ಇದು ಮಲಗ್ತದೇನ ತಂಗೀ?"

ಅದು ಮಲಗಿದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಲಾಲಮ್ಮನಿಗೆ ನೆನಪಾಗಲಿಲ್ಲ.

"ಹಗಲೆಲ್ಲ ಸಿಸಿ ರೋಡಿನ ಮ್ಯಾಲ ಕುಣೀತದ. ಮನಿಗಿ ಬಂದ್ರ ಇಲ್ಲೂ ಕಲ್ಲಿನಂಥ ನೆಲ. ಮಲಗಿದ್ರ ಎಲುಬಿಗಿ ಚುಚ್ಚತದ, ಏಳೋವಾಗ ಜಾರತದ. ಅದಕ್ಕ ಅಂಜಿ ನಿಂತೇ ಬಿಡತದ. ಕುದರಿ ನಿಂತು ತೂಕಡಿಸಿದ್ರೂ ಖರೇ ನಿದ್ದಿಗಿ ಮಲಗಾಕ ಬೇಕು" ಎಂದ ಮಸ್ತಾನಸಾಬ. "ಮೆತ್ತಗ ಏನರ ಹಾಸು. ದಪ್ಪ ಹಾಸು."

ಲಾಲಮ್ಮ ಹಾಸಲು ಹೊರಟಳು. ಭತ್ತದ ಹುಲ್ಲಿಗಾಗಿ ಕಾಲುವೆ ಕಡೆಯ ಹೊಲಗಳನ್ನೆಲ್ಲ ಅಲೆದಳು. ಮಷೀನು ಕೊಯ್ದು ಚೆಲ್ಲಿದ ಹುಲ್ಲಿಗೆ ರೈತರು ಆಗಲೇ ಬೆಂಕಿ ಹಚ್ಚಿದ್ದರು. ಜೋಳದ ಕಣಿಕೆ ಹಾಸಿದರೆ ಕುದುರೆಗಳು ತಿಂದು ಮುಗಿಸಿದವು. ತಿಮ್ಮಣ್ಣ ಶಹಾಪುರದ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟಿನ ಚೀಲಗಳನ್ನು ಟಂಟಂ ಆಟೋದ ಮೇಲೆ ಹೇರಿ ತಂದ. ಅದನ್ನು ದಪ್ಪಗೆ ಹರಡಿದಾಗ ಲಾಲಮ್ಮನಿಗೆ ಧೈರ್ಯ ಬಂತು. ಆದರೆ ಹೊಟ್ಟಿನ ಧೂಳಿಗೆ ಮುತ್ತಿ ಕೆಮ್ಮತೊಡಗಿತು. ಉಚ್ಚೆಗೆ ನೆನೆದ ಹೊಟ್ಟು ಹುಳಿತು ನಾರಿತು. ಕೆಮ್ಮಿ ಕೆಮ್ಮಿ ಮುತ್ತಿಯ ಹೊಟ್ಟೆ ಬೆನ್ನಿಗೆ ಹತ್ತಿದ್ದನ್ನು ನೋಡಲಾರದೆ ಅವಳೇ ಎಲ್ಲವನ್ನೂ ಬಳಿದು ತಿಪ್ಪೆಗೆ ಹಾಕಿ ನೆಲ ತೊಳೆದಳು.

ಆ ತೊಳೆದ ನೆಲದ ಮೇಲೆಯೇ ಮುತ್ತಿ ಜಾರಿತು. ಹಿಂಗಾಲುಗಳು ಎರಡೂ ಕಡೆಗೆ ಸರಿದು ದಪ್ಪೆಂದು ಕುಸಿಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಹೇಗೋ ಎಬ್ಬಿಸಿದರು. ಎದ್ದ ಮೇಲೆ ಅದು ಗೋಡೆಗೆ ಮೈ ಆನಿಸಿ ನಿಂತಿತು. ಅಲ್ಲಿಂದ ಕದಲಲಿಲ್ಲ.

ದನದ ದವಾಖಾನೆಯಿಂದ ಬಂದ ಡಾಕ್ಟರಮ್ಮ ಸೂಜಿ ಮಾಡಿದಳು. ಹೋಗುವಾಗ ಮೆತ್ತಗೆ ಹೇಳಿದಳು. "ನೆಲ ಒಡಸ್ರಿ ಅವ್ವಾ. ಮಣ್ಣು, ಉಸುಕು ಹಾಕ್ರಿ. ತಡಾ ಆಗ್ಯಾದ, ಆದ್ರೂ ಮಾಡ್ರಿ."

ಆ ದಿನ ಲಾಲಮ್ಮ ಒಲೆಯ ಮುಂದೆ ಕೂತು ಅತ್ತಳು. "ನಾನೇ ಹಾಕ್ಸಿದ್ದು. ಸುಲ್ತಾನನ್ನ ರಾಡಿ ತಿಂತು, ಮುತ್ತೀನ್ನ ನಾ ತಿಂದೆ."

"ಹುಚ್ಚಿಯಂಗ ಮಾತಾಡಬ್ಯಾಡ" ಎಂದ ತಿಮ್ಮಣ್ಣ. ಎದ್ದು ಹೋಗಿ ಮರಿಲಿಂಗನಿಗೆ ಫೋನ್ ಹಚ್ಚಿದ.

ಮರಿಲಿಂಗ ಮತ್ತೆ ಬಂದ. ತಾನು ಹಾಸಿದ ನೆಲವನ್ನು ಅಂಗಾಲಿನಿಂದ ಉಜ್ಜಿ ನೋಡಿದ.

"ಅಕ್ಕಾ, ಒರಟ ಬಿಟ್ಟಿದ್ರ ಜಾರತಿರಲಿಲ್ಲ ಏನೋ. ಛಲೋ ಕಾಣಲಿ ಅಂತ ನುಣ್ಣಗ ಮಾಡಿದ್ನಿ."

"ನಿಂದೇನು ತಪ್ಪದನೋ. ನಾ ಹೇಳ್ದಂಗ ಮಾಡಿದಿ."

ಕುದುರೆಗಳನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದರು. ಒಳಗೆ ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಮುತ್ತಿ ಬೆಚ್ಚುತ್ತಿತ್ತು. ಲಾಲಮ್ಮ ಅದರ ಕಿವಿಗಳನ್ನು ಅಂಗೈಯಿಂದ ಮುಚ್ಚಿ ನಿಂತಳು. ಅಷ್ಟು ಗಟ್ಟಿಯಾಗಿ ಹಾಕಿದ ನೆಲ ಸುಲಭಕ್ಕೆ ಒಡೆಯಲಿಲ್ಲ. ಹಾರೆ ಹಿಡಿದು ಹಿಡಿದು ಮರಿಲಿಂಗನ ಅಂಗೈಯಲ್ಲಿ ಬೊಕ್ಕೆ ಎದ್ದವು. ಕೊನೆಗೆ ಮುತ್ತಿ ನಿಲ್ಲುವ ಕಡೆಯ ಅರ್ಧ ಭಾಗ ಎದ್ದುಬಂತು. ಅಲ್ಲಿ ಕೆಂಪು ಮಣ್ಣು ಸುರಿದು, ಮೇಲೆ ಉಸುಕು ಹರಡಿ, ಮೂವರೂ ಕಾಲಿನಿಂದ ತುಳಿದು ಸಮ ಮಾಡಿದರು.

ಮುತ್ತಿಯನ್ನು ಒಳಗೆ ತಂದಾಗ ಅದು ಮೂಗು ಕೆಳಗೆ ಮಾಡಿ ಮಣ್ಣು ಮೂಸಿತು. ಮುಂಗಾಲಿನಿಂದ ಒಮ್ಮೆ ಕೆದರಿತು. ಆಮೇಲೆ ನರಳುತ್ತ ಮಂಡಿ ಮಡಚಿ, ಹಿಂದಿನ ಭಾರವನ್ನು ಧೊಪ್ಪನೆ ಇಳಿಸಿ ಮಲಗಿತು. ಕತ್ತನ್ನೂ ನೆಲಕ್ಕೆ ಚಾಚಿ ಕಣ್ಣು ಮುಚ್ಚಿತು.

"ಮಲಗ್ತು! ನೋಡ್ರಿ, ಮಲಗ್ತು!" ಲಾಲಮ್ಮ ಸಣ್ಣ ಹುಡುಗಿಯ ಹಾಗೆ ಕೂಗಿದಳು. ತಿಮ್ಮಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತು ಕಣ್ಣು ಒರೆಸಿಕೊಂಡ. ಮಧ್ಯಾಹ್ನವೆಲ್ಲ ಮುತ್ತಿ ನಿದ್ದೆ ಮಾಡಿತು. ಅದರ ಗೊರಕೆ ಕೇಳುತ್ತ ಲಾಲಮ್ಮ ಹೊಸಿಲ ಮೇಲೆ ಕೂತು ನೊಣ ಓಡಿಸಿದಳು.

ಹೊತ್ತು ಇಳಿಯುವಾಗ ಮುತ್ತಿ ಏಳಲು ನೋಡಿತು. ಮುಂಗಾಲುಗಳನ್ನು ಊರಿ ಎದೆ ಎತ್ತಿತು. ಹಿಂಭಾಗ ಮೇಲೆ ಬರಲಿಲ್ಲ. ಮತ್ತೆ ಪ್ರಯತ್ನಿಸಿ ಕುಸಿಯಿತು. ಓಣಿಯ ಗಂಡಸರು ಬಂದು ಹೊಟ್ಟೆಯ ಕೆಳಗೆ ಗೋಣಿತಟ್ಟು ತೂರಿಸಿ ಎತ್ತಿದರು. ಹಿಂಗಾಲುಗಳು ಚಿಂದಿ ಬಟ್ಟೆಯ ಹಾಗೆ ಜೋಲಾಡಿದವು.

ಮುಂದಿನ ದಿನಗಳಲ್ಲಿ ಲಾಲಮ್ಮ ಅದಕ್ಕೆ ಮಲಗಿದಲ್ಲೇ ನೀರು ಕುಡಿಸಿದಳು, ಮಗ್ಗುಲು ಬದಲಿಸಿದಳು. ಆದರೂ ಚರ್ಮ ಒಡೆದು ಹುಣ್ಣಾಯಿತು. ಅದು ಮೇವು ಮುಟ್ಟುವುದನ್ನು ಬಿಟ್ಟಿತು. ಡಾಕ್ಟರಮ್ಮ ಮತ್ತೆ ಬಂದು ನೋಡಿ, ಜಾರಿ ಬಿದ್ದಾಗ ಸೊಂಟದ ಎಲುಬಿಗೆ ಪೆಟ್ಟಾಗಿದೆ, ಇನ್ನು ಏಳುವುದಿಲ್ಲ ಎಂದಳು. ನೋವು ಮುಗಿಸುವ ಸೂಜಿಯ ಮಾತು ತೆಗೆದಳು.

ತಿಮ್ಮಣ್ಣ ತಲೆ ಅಲ್ಲಾಡಿಸಿದ. "ಬ್ಯಾಡ್ರಿ. ನಮ್ಮ ಕೈಲಿ ಆಗಂಗಿಲ್ರಿ."

ಲಾಲಮ್ಮ ಮುತ್ತಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಮಾಡ್ರಿ" ಎಂದಳು. "ಇನ್ನ ಸಾಕು ಮಾಡ್ರಿ."

ಅದರ ಉಸಿರು ನಿಂತ ಮೇಲೂ ಬಹಳ ಹೊತ್ತು ಅವಳು ಹಾಗೆಯೇ ಕೂತಿದ್ದಳು.

ಹೂಳಿದ ಮರುದಿನ ಮಸ್ತಾನಸಾಬ ಮಾತಾಡಿಸಲೆಂದು ಬಂದ. ಯಾರೂ ಹೇಳದಿದ್ದರೂ ಬಾದಶಹಾನ ಕಾಲು ಎತ್ತಿ ನೋಡಿದ. ಮೆಲ್ಲಗೆ ಕೆಳಗಿಟ್ಟ. ತಿಮ್ಮಣ್ಣನೇ ಕೇಳಿದ. "ಇದಕ್ಕೂ ಆ ಬ್ಯಾನಿ ಹತ್ತ್ಯಾದೇನ್ರಿ ಸಾಬ್ರ?"

"ಹೂಂ. ಮಂದಿನ್ನ ಹೊರಸಬ್ಯಾಡ. ಹೊಲದಾಗ ಬಿಡು. ಎಷ್ಟು ದಿನ ನಡೀತದೋ ನಡೀಲಿ."

ಅವರಿಗೆ ಹೊಲವಿರಲಿಲ್ಲ. ಮರಿಲಿಂಗ ಕೊಂಕಲ್‌ನಲ್ಲಿ ಬಸವಂತರಾಯ ಎಂಬ ರೈತನನ್ನು ಒಪ್ಪಿಸಿದ. ಒಂದು ಮುಂಜಾನೆ ಬಾದಶಹಾನನ್ನು ಟೆಂಪೊ ಹತ್ತಿಸಿದರು. ತಿಮ್ಮಣ್ಣ ಯಾದಗಿರಿಯ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿದ. ಮದುವೆಯವರು ಫೋನ್ ಮಾಡಿದರೆ, "ಕುದರಿ ಇಲ್ರಿ" ಎಂದು ಲಾಲಮ್ಮನೇ ಹೇಳುತ್ತಿದ್ದಳು.

ಬೇಸಿಗೆಯಲ್ಲಿ ಅವಳು ಬಸ್ಸು ಹತ್ತಿ ಕೊಂಕಲ್‌ಗೆ ಹೋದಳು. ಬಾದಶಹಾ ಹೊಲದ ಬದುವಿನ ಜಾಲಿಗಿಡದ ನೆರಳಲ್ಲಿ, ಕರಿ ಮಣ್ಣಿನ ಮೇಲೆ ಮಲಗಿತ್ತು.

"ಮಲಗೋದು ಛಲೋ ಮಲಗ್ತದ ಅವ್ವಾ" ಎಂದ ಬಸವಂತರಾಯ. "ಏಳಾಕ ಭಾಳ ತ್ರಾಸ ಮಾಡ್ಕೊಂತದ. ದಿನಾ ಹೆಚ್ಚಾಗಾಕತ್ತದ."

ಅವಳ ದನಿ ಕೇಳಿ ಬಾದಶಹಾ ಕಿವಿ ನಿಮಿರಿಸಿತು. ಮುಂಗಾಲು ಊರಿ ಏಳಲು ಹೊರಟಿತು. ಲಾಲಮ್ಮ ಓಡಿಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು.

"ಏಳಬ್ಯಾಡಪ್ಪ, ಏಳಬ್ಯಾಡ. ಮಲ್ಕೋ. ನಾನೇ ಬಂದೀನಿ."

ಬಾದಶಹಾ ತಲೆ ಕೆಳಗಿಟ್ಟಿತು. ಅವಳು ಸೆರಗಿನಿಂದ ಅದರ ಕಣ್ಣ ಮೂಲೆಯ ಪಿಸರು ಒರೆಸಿದಳು. ಸುರಪುರದ ಬಸ್ಸಿಗೆ ಹೊತ್ತಾಯಿತೆಂದು ಬಸವಂತರಾಯ ಕರೆಯುವವರೆಗೂ ಅಲ್ಲೇ ಕೂತಿದ್ದಳು. ಹೊರಡುವಾಗ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಅದು ಮತ್ತೆ ಎದ್ದು ಬರಲು ಹೊರಟೀತೆಂದು ಅವಳಿಗೆ ಅಂಜಿಕೆ.