ಹೋಲ್ಡ್ ಎಂಬ ಕಾಲಂ

ಪಿಎಚ್‌ಡಿ ವೈವಾಕ್ಕೆ ಇನ್ನು ಹತ್ತೇ ದಿನ ಎನ್ನುವಾಗ ಸತ್ತ ಬಾತುಕೋಳಿಯದೊಂದು ಪಾರ್ಸೆಲ್ ನನ್ನ ಹೆಸರಿಗೆ ಬಂತು. ಬಾತುಕೋಳಿ ಅದರಲ್ಲಿ ಇರಲಿಲ್ಲ ಅನ್ನಿ. ಅದರ ಬೆನ್ನಿಗೆ ನಾನೇ ತಯಾರಿಸಿ ಕಟ್ಟಿದ್ದ ಟ್ಯಾಗ್ ಮಾತ್ರ ಇತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ತೂಕ ಹದಿನೆಂಟು ಗ್ರಾಂ, ಮೇಲೊಂದು ಸೋಲಾರ್ ತುಂಡು, ಹಿಂದೆ ಇಲಿಬಾಲದಂಥ ಆಂಟೆನಾ. 'ಸಿಕ್ಕಿದವರು ದಯವಿಟ್ಟು ಈ ವಿಳಾಸಕ್ಕೆ ಕಳುಹಿಸಿ' ಎಂದು ಅಂಟಿಸಿದ್ದ ಚೀಟಿ ಅರ್ಧ ಅಳಿಸಿಹೋಗಿದ್ದರೂ ಯಾರೋ ಪುಣ್ಯಾತ್ಮ ಮೇಷ್ಟರು ಕಷ್ಟಪಟ್ಟು ಓದಿ ಕಳಿಸಿದ್ದರು. ಜೊತೆಗೊಂದು ಕಾಗದ: 'ಹೋದ ವರ್ಷ ಫೆಬ್ರವರಿ ಹನ್ನೊಂದರಂದು ನಮ್ಮೂರಿನ ನದಿ ದಂಡೆಯಲ್ಲಿ ಈ ಹಕ್ಕಿ ಸತ್ತು ಬಿದ್ದಿತ್ತು. ಶಾಲೆಯ ಮಕ್ಕಳು ಅದನ್ನು ಹೂಳಿದರು. ಕಳುಹಿಸಲು ತಡವಾಯಿತು, ಕ್ಷಮಿಸಿ.' ಆ ಊರು ಇಲ್ಲಿಂದ ಮುನ್ನೂರು ಕಿಲೋಮೀಟರ್.

ನಿಜ ಹೇಳುತ್ತೇನೆ, ನನಗೆ ಮೊದಲು ಖುಷಿಯಾಯಿತು. ಒಂಬತ್ತನೇ ನಂಬರಿನ ಬಾತು ಕೊನೆಗೆ ಎಲ್ಲಿಗೆ ಹೋಯಿತೆಂದು ಗೊತ್ತಾಯಿತಲ್ಲ, ಥೀಸಿಸ್‌ಗೆ ಒಂದು ಸಾಲು ಸಿಕ್ಕಿತು ಎಂದುಕೊಂಡೆ. ಕಂಪ್ಯೂಟರಿನಲ್ಲಿ ನಮ್ಮ ಪಟ್ಟಿ ತೆರೆದು ಆ ತಾರೀಕು ನೋಡಿದೆ. ಫೆಬ್ರವರಿ ಹನ್ನೊಂದರಂದು ಒಂಬತ್ತನೇ ನಂಬರು ನಮ್ಮೂರಿನ ಮೂರನೇ ಕೆರೆಯಲ್ಲಿತ್ತು. ಹನ್ನೆರಡಕ್ಕೂ ಅಲ್ಲೇ. ಪಟ್ಟಿ ಮುಗಿಯುವ ಮಾರ್ಚ್ ಇಪ್ಪತ್ತೆರಡರವರೆಗೂ ಗಂಟೆಗೊಂದು ಸಾಲಿನಂತೆ ಅದೇ ಮೂರನೇ ಕೆರೆ, ಅದೇ ಜಾಗ, ಒಂದು ಮಾರೂ ಅತ್ತಿತ್ತ ಇಲ್ಲ. ಮಣ್ಣು ಸೇರಿದ ಹಕ್ಕಿ ನನ್ನ ಪಟ್ಟಿಯಲ್ಲಿ ಇನ್ನೂ ನಲವತ್ತು ದಿನ ಈಜುತ್ತಿತ್ತು.

ಮೇಷ್ಟರ ಕಾಗದದಲ್ಲಿದ್ದ ತಾರೀಕನ್ನು ಮತ್ತೆ ಓದಿದೆ.

ನಾನು ಓದುತ್ತಿರುವುದು ಸಂವಹನ ಎಂಜಿನಿಯರಿಂಗ್. ಊರಂಚಿನ ನಾಲ್ಕು ಕೆರೆಗಳ ಕಾಡುಬಾತುಗಳಿಗೆ ಟ್ಯಾಗ್ ಮಾಡಿಕೊಡುವುದು ನನ್ನ ಪಾಲು, ಅವು ಎಲ್ಲಿ ಮೇಯುತ್ತವೆ ಎಲ್ಲಿ ತಂಗುತ್ತವೆ ಎಂದು ಅರ್ಥಮಾಡಿಕೊಳ್ಳುವುದು ಜೀವಶಾಸ್ತ್ರದ ಸಂಶೋಧಕಿಯ ಪಾಲು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು 'ಆಯ್ತು ಪುಟ್ಟಾ, ಆಯ್ತು' ಎಂದು ಸಮಾಧಾನ ಮಾಡುತ್ತಿದ್ದ ಅವಳನ್ನು ಇಡೀ ವಿಭಾಗ ಬಾತಕ್ಕ ಎಂದೇ ಕರೆಯುತ್ತಿತ್ತು. ನಮ್ಮಮ್ಮನಿಗೆ ಈ ವಿಭಜನೆಯೆಲ್ಲ ತಲೆಗೆ ಹೋಗುತ್ತಿರಲಿಲ್ಲ. ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ, "ಬಾತುಕೋಳಿಗೆ ಫೋನ್ ಕಟ್ತಾಳೆ" ಎಂದುಬಿಡುತ್ತಿದ್ದಳು.

ಮೂವತ್ತೊಂದು ಬಾತುಗಳಿಗೆ ಫೋನ್ ಕಟ್ಟಿ ನಾವಿಬ್ಬರೂ ಸೇರಿ ಬರೆದ ಪೇಪರಿನ ಸಾರ ಇಷ್ಟೇ: ನಾಲ್ಕು ಕೆರೆ ಇದ್ದರೂ ಬಾತುಗಳು ಮೂರನೇ ಕೆರೆಯನ್ನು ಬಿಟ್ಟು ಕದಲುವುದಿಲ್ಲ. ಅದರ ಮೇಲೆಯೇ ಬಾತಕ್ಕನಿಗೆ ಎರಡು ವರ್ಷದ ಹಿಂದೆ ಪದವಿ ಬಂತು, ವನ್ಯಜೀವಿ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ನನ್ನ ಥೀಸಿಸ್‌ನ ನಾಲ್ಕನೇ ಅಧ್ಯಾಯವೂ ಅದೇ, ಹೋದ ವರ್ಷದವರೆಗಿನ ಪಟ್ಟಿ ಸೇರಿಸಿ. ಅದನ್ನು ತೆಗೆದರೆ ಉಳಿಯುವುದು ಟ್ಯಾಗಿಗೆ ಬೆಸುಗೆ ಹಾಕಿದ್ದರ ವರ್ಣನೆ ಮಾತ್ರ.

ತಪ್ಪು ಎಲ್ಲಾಯಿತೆಂದು ಹುಡುಕಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಹಕ್ಕಿ ಇರುವ ಜಾಗ ತಿಳಿಸುವ ಸಂದೇಶ ಟ್ಯಾಗಿನಿಂದ ಗಂಟೆಗೊಂದು ಬರಬೇಕು. ಬರದಿದ್ದರೆ ಪಟ್ಟಿಯಲ್ಲಿ ತೂತು ಬೀಳುತ್ತದೆ. ತೂತು ಬೀಳದಿರಲಿ ಎಂದು ನಾನು ಹಿಂದಿನ ಸಾಲನ್ನೇ ಮತ್ತೆ ಬರೆಸಿ, ಪಕ್ಕದ ಕಾಲಂನಲ್ಲಿ ಒಂದು ಎಂದು ಗುರುತು ಹಾಕಿಸುತ್ತಿದ್ದೆ. ಆ ಕಾಲಂಗೆ ಹೋಲ್ಡ್ ಎಂದು ಹೆಸರಿಟ್ಟವಳು ನಾನೇ. ನಮ್ಮ ಕಡೆ ಹೋಲ್ಡ್ ಎಂದರೆ ಹೊಸದೇನೂ ಕೇಳಿಸಿಲ್ಲ, ಹಳೆಯದನ್ನೇ ಹಿಡಿದುಕೊಂಡಿದ್ದೇವೆ ಎಂದರ್ಥ. ಬಾತಕ್ಕನ ಕಡೆ ಹೋಲ್ಡ್ ಎಂದರೆ ಹಕ್ಕಿ ತನ್ನ ಜಾಗ ಹಿಡಿದು ಕೂತಿದೆ ಎಂದರ್ಥ. ನಾನು 'ಗೊತ್ತಿಲ್ಲ' ಎಂದು ಬರೆದಲ್ಲೆಲ್ಲ ಅವಳು 'ಇಲ್ಲೇ ಇದೆ' ಎಂದು ಓದಿಕೊಂಡಿದ್ದಳು. ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡಿದ ನಾವು ಆ ಎರಡಕ್ಷರದ ಬಗ್ಗೆ ಒಂದು ಸಲವೂ ಮಾತಾಡಿರಲಿಲ್ಲ.

ಮೂರನೇ ಕೆರೆಯೇ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಆ ಸಂದೇಶ ಹಿಡಿಯುವ ರಿಸೀವರಿಗೆ ಕರೆಂಟು ಬೇಕಲ್ಲ, ಕರೆಂಟು ಇದ್ದದ್ದು ಮೂರನೇ ಕೆರೆಯ ಪಂಪ್ ಮನೆಯಲ್ಲಿ ಮಾತ್ರ. ಆಂಟೆನಾವನ್ನು ಅದರ ಚಾವಣಿಯ ಮೇಲೆ ನೆಟ್ಟಿದ್ದೆವು. ಸುತ್ತಲಿನ ಏರಿ ಅಡ್ಡವಾಗಿ ಉಳಿದ ಕೆರೆಗಳಿಂದ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಯಾವ ಹಕ್ಕಿ ಎಲ್ಲಿಗೇ ಹೋಗಲಿ, ಅದರ ಕೊನೆಯ ಮಾತು ಮೂರನೇ ಕೆರೆಯದೇ ಆಗಿರುತ್ತಿತ್ತು. ಮೂರನೇ ಕೆರೆಯನ್ನು ಬಿಟ್ಟು ಕದಲದೆ ಇದ್ದದ್ದು ಬಾತುಗಳಲ್ಲ, ನನ್ನ ಆಂಟೆನಾ.

ನಮ್ಮ ಲ್ಯಾಬು ನೆಲಮಾಳಿಗೆಯಲ್ಲಿದೆ. ಹೊರಗಿನ ರೇಡಿಯೋ ಗದ್ದಲ ಒಳಗೆ ಬರಬಾರದೆಂದು ನಾಲ್ಕೂ ಗೋಡೆಗೆ, ಚಾವಣಿಗೆ, ಬಾಗಿಲಿಗೆ ತಾಮ್ರದ ಬಲೆ ಹೊಡೆದಿದ್ದಾರೆ. ಕಿಟಕಿ ಇಲ್ಲ, ಫೋನು ಹಿಡಿಯುವುದಿಲ್ಲ. ಆರು ವರ್ಷ ಅದರೊಳಗೆ ಆರಾಮಾಗಿ ಕೂತವಳಿಗೆ ಅವತ್ತು ಮೊದಲ ಸಲ ಉಸಿರು ಕಟ್ಟಿತು. ನಿಯಮದ ಪ್ರಕಾರ ನನಗೆ ಸಿಗಬೇಕಾದ ಎರಡು ವಿಸ್ತರಣೆಗಳೂ ಮುಗಿದಿದ್ದವು. ಈ ತಿಂಗಳ ಮೂವತ್ತರೊಳಗೆ ವೈವಾ ಆಗದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರಿಗೆ. ಬಾಯಿಬಿಟ್ಟರೆ ಪದವಿ ಹೋಗುತ್ತದೆ. ಮುಚ್ಚಿಕೊಂಡರೆ ಸುಳ್ಳಿನ ಮೇಲೆ ಡಾಕ್ಟರ್ ಆಗುತ್ತೇನೆ. ಮೂರನೇ ದಾರಿ ಇದೆಯೇ ಎಂದು ಗೋಡೆ ನೋಡುತ್ತಾ ಕೂತೆ. ಇರಲಿಲ್ಲ.

ಮರುದಿನ ಗೈಡ್ ಹತ್ತಿರ ಹೋದೆ. ಯಾವುದಕ್ಕೂ ಹೌದು, ಇಲ್ಲ ಎನ್ನದ ಅವರಿಗೆ ನಾವು ವಿದ್ಯಾರ್ಥಿಗಳು ಇಟ್ಟ ಹೆಸರು ನೋಡೋಣ ಸರ್. ಪಾರ್ಸೆಲನ್ನು ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ.

"ಒಂದು ಹಕ್ಕಿ ತಾನೆ? ಅದನ್ನ ಕೈಬಿಡು," ಎಂದರು.

"ಒಂದಲ್ಲ ಸರ್. ಮೂವತ್ತೊಂದರಲ್ಲಿ ಇಪ್ಪತ್ತಾರು."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಪೇಪರಿನಲ್ಲಿ ಅವರ ಹೆಸರೂ ಇತ್ತು. "ನೋಡಮ್ಮ, ಹೊರಗಿಂದ ಪರೀಕ್ಷೆಗೆ ಬರ್ತಿರೋದು ದೊಡ್ಡ ಮೇಡಂ. ಹಕ್ಕಿ ವಿಷಯದಲ್ಲಿ ಅವರ ಮಾತೇ ಕೊನೆ. ಅವರಿಗೆ ಈ ಕೆಲಸ ಮೆಚ್ಚುಗೆ ಆಗಿದೆ. ಈಗ ಕೆದಕಿದ್ರೆ ನೀನೂ ಇಲ್ಲ, ನಾನೂ ಇಲ್ಲ. ವೈವಾ ಮುಗೀಲಿ, ಆಮೇಲೆ ನೋಡೋಣ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಅವರು ಹಾಗೆ ಹೇಳಿದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ಕಂಡು ನನ್ನ ಮೇಲೆಯೇ ಅಸಹ್ಯವಾಯಿತು.

ಬಾತಕ್ಕನ ಕಚೇರಿಗೆ ಹೋದೆ. ಅವಳ ಮೇಜಿನ ಹಿಂದೆ ನಾಲ್ಕು ಕೆರೆಗಳ ದೊಡ್ಡ ನಕ್ಷೆ ತೂಗುಹಾಕಿದ್ದರು. ಮೂರನೆಯದಕ್ಕೆ ಮಾತ್ರ ನೀಲಿ ಬಣ್ಣ, ಉಳಿದ ಮೂರಕ್ಕೆ ಬರೀ ಗೆರೆ. ಹೇಗೆ ಶುರು ಮಾಡಲಿ ಎಂದು ತಿಳಿಯದೆ ನೇರವಾಗಿ ಕೇಳಿದೆ.

"ಅಕ್ಕ, ಹೋಲ್ಡ್ ಅಂದ್ರೆ ನೀನು ಏನಂತ ತಿಳ್ಕೊಂಡಿದ್ದೆ?"

ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಅಂತೂ ಕಂಡುಹಿಡಿದೆ," ಎಂದಳು.

ನಾನು ಪೆಚ್ಚಾದೆ. "ನಿನಗೆ ಗೊತ್ತಿತ್ತಾ?"

"ಪದವಿ ಬಂದು ನಾಲ್ಕು ತಿಂಗಳಿಗೆ ಗೊತ್ತಾಯ್ತು ಕಣೇ. ಸುಮ್ನೆ ನಾಲ್ಕನೇ ಕೆರೆ ಕಡೆ ಹೋಗಿದ್ದೆ. ದುರ್ಬೀನಲ್ಲಿ ನೋಡ್ತೀನಿ, ಹದಿನಾಲ್ಕನೇ ನಂಬರು ನಾನು ಹಾಕಿದ ಹಳದಿ ಕಾಲುಂಗುರ ಸಮೇತ ಆರಾಮಾಗಿ ಮೇಯ್ತಾ ಇದೆ. ಮನೆಗೆ ಬಂದು ನಿನ್ನ ಪಟ್ಟಿ ತೆಗೆದ್ರೆ, ಆ ಹೊತ್ತಿಗೆ ಅದು ಮೂರನೇ ಕೆರೇಲಿದೆ. ಹೋಲ್ಡ್ ಒಂದು."

"ನನಗ್ಯಾಕೆ ಹೇಳಲಿಲ್ಲ?"

"ನೀನೇ ಕಂಡುಹಿಡಿದು ಫೋನ್ ಮಾಡ್ತೀಯ ಅಂತ ಕಾದೆ. ನಿನ್ನ ಫೋನ್ ಬಂದಾಗೆಲ್ಲ ಎದೆ ಧಸಕ್ ಅನ್ನೋದು. ನೀನು ನೋಡಿದ್ರೆ ಊಟ ಆಯ್ತಾ ಅಂತ ಕೇಳ್ತಿದ್ದೆ. ಹಾಗೇ ಆರು ತಿಂಗಳಾಯ್ತು, ವರ್ಷ ಆಯ್ತು. ಆಮೇಲೆ ಅಭ್ಯಾಸ ಆಗೋಯ್ತು."

"ಈ ನಕ್ಷೆ ಏನಕ್ಕ?"

"ಬೇಸಿಗೇಲಿ ನಾಲ್ಕು ಕೆರೆಗೂ ಸಾಲೋಷ್ಟು ನೀರಿಲ್ಲ. ಹಕ್ಕಿಗಳಿಗೆ ಮೂರನೇದು ಸಾಕಲ್ಲ, ಅದಕ್ಕೆ ಮಾತ್ರ ನೀರು ಬಿಟ್ಟು ಉಳಿದಿದ್ದನ್ನ ಒಣಗೋಕೆ ಬಿಡೋಣ ಅಂತ ತೀರ್ಮಾನ. ದೊಡ್ಡ ಮೇಡಂ ಒಪ್ಪಿಗೆ ಹಾಕಬೇಕು. ನಿನ್ನ ವೈವಾ ಕೇಳಿಬಿಟ್ಟು ಹಾಕ್ತಾರಂತೆ." ಅವಳು ನಕ್ಷೆಗೆ ಬೆನ್ನು ಹಾಕಿ ಕೂತಳು. "ನೀನು ಹೇಳಿದ್ರೆ ನನ್ನ ಪದವೀನೂ ಕಿತ್ಕೋತಾರೆ, ಈ ಕುರ್ಚೀನೂ ಹೋಗುತ್ತೆ. ಹೇಳಬೇಡ ಅಂತ ಹೇಳೋಕೆ ನನಗೆ ಬಾಯಿಲ್ಲ. ಹೇಳು ಅನ್ನೋಕೆ ಧೈರ್ಯ ಇಲ್ಲ."

ಹಕ್ಕಿಯ ರೆಕ್ಕೆಯ ಕೆಳಗೆ ಪಟ್ಟಿ ಬಿಗಿಯುವಾಗ ಎರಡು ಬೆರಳು ತೂರುವಷ್ಟು ಜಾಗ ಬಿಡಬೇಕು ಎಂದು ನನಗೆ ಕಲಿಸಿದವಳು ಅವಳು. ಅಂಥವಳು ಹತ್ತಿರ ಹತ್ತಿರ ಎರಡು ವರ್ಷ ಒಬ್ಬಳೇ ಇದನ್ನು ನುಂಗಿಕೊಂಡಿದ್ದಳು. ಬೈಯಬೇಕೆಂದುಕೊಂಡೆ, ಬೈಗುಳ ಬಾಯಿಗೆ ಬರಲಿಲ್ಲ.

ಉಳಿದ ದಿನಗಳನ್ನು ಹೇಗೆ ಕಳೆದೆನೋ. ಮನೆಯಲ್ಲಿ ಅಮ್ಮ ಕಂಡಕಂಡವರಿಗೆಲ್ಲ ವೈವಾ ತಾರೀಕು ಹೇಳಿಯಾಗಿತ್ತು. ನಾನು ಸ್ನಾನದ ಮನೆಯಲ್ಲಿ ಬಕೆಟಿನ ಎದುರು ನಿಂತು 'ಹೌದು ಮೇಡಂ' ಎಂದು ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಗಟ್ಟಿಯಾಗಿ, ಒಮ್ಮೆ ವಿನಯದಿಂದ. ಯಾವ ದನಿಯಲ್ಲಿ ಹೇಳಿದರೂ ಕೆಟ್ಟದಾಗಿಯೇ ಕೇಳಿಸುತ್ತಿತ್ತು.

ವೈವಾ ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಸಾಲಿನಲ್ಲಿ ದೊಡ್ಡ ಮೇಡಂ, ಅವರ ಪಕ್ಕ ನೋಡೋಣ ಸರ್, ಎರಡನೇ ಸಾಲಿನಲ್ಲಿ ಫೈಲು ಹಿಡಿದ ಬಾತಕ್ಕ. ಕೊನೇ ಸಾಲಿನಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲವನ್ನು ಎದೆಗವಚಿಕೊಂಡು ನಮ್ಮಮ್ಮ. ಮುಕ್ಕಾಲು ಗಂಟೆ ಮಾತಾಡಿದೆ. ನಾಲ್ಕನೇ ಅಧ್ಯಾಯದ ಗ್ರಾಫ್ ಬಂದಾಗ ಬೇಗಬೇಗ ದಾಟಿಬಿಟ್ಟೆ. ಮುಗಿದ ಮೇಲೆ ದೊಡ್ಡ ಮೇಡಂ ನನ್ನ ಥೀಸಿಸ್ ತೆರೆದು ಬೆರಳಿಟ್ಟರು.

"ನಂದು ಒಂದೇ ಪ್ರಶ್ನೆ ಅಮ್ಮ. ಇಲ್ಲಿ ಹೋಲ್ಡ್ ಅಂತ ಒಂದು ಕಾಲಂ ಇದೆಯಲ್ಲ. ಅಷ್ಟು ಹೊತ್ತೂ ಹಕ್ಕಿ ಅಲ್ಲೇ ಇತ್ತು ಅಂತ ತಾನೆ?"

ಹೌದು ಮೇಡಂ ಎನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ.

"ಆ ಹೊತ್ತಲ್ಲಿ ಹಕ್ಕಿ ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ ಮೇಡಂ."

ಬಾತಕ್ಕ ನೆಲ ನೋಡಿದಳು. ನನಗೆ ವಿಚಿತ್ರವಾಗಿ ಹಗುರವೆನಿಸಿತು. ಹೋಯಿತು, ಎಲ್ಲ ಹೋಯಿತು, ಇನ್ನು ಹೆದರುವುದಕ್ಕೆ ಏನೂ ಇಲ್ಲ ಎನಿಸಿತು.

ದೊಡ್ಡ ಮೇಡಂ ಬಾಯ್ತುಂಬ ನಕ್ಕರು.

"ಇದು ನೋಡಿ ಸಂಶೋಧಕಿ ಆಡೋ ಮಾತು! ನಲವತ್ತು ವರ್ಷ ಹಕ್ಕಿ ಹಿಂದೆ ಅಲೆದು ನಾನೂ ಇದನ್ನೇ ಹೇಳೋದು. ಯಂತ್ರ ಏನೇ ಹೇಳ್ಲಿ, ಹಕ್ಕಿ ಎಲ್ಲಿತ್ತು ಅಂತ ಆಣೆ ಮಾಡಿ ಹೇಳೋರು ಯಾರಮ್ಮ? ಇಷ್ಟು ಕೆಲಸ ಮಾಡಿ ಗೊತ್ತಿಲ್ಲ ಅನ್ನೋ ಮನಸ್ಸಿದೆಯಲ್ಲ, ಅದು ದೊಡ್ಡದು."

ನೋಡೋಣ ಸರ್ ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಾ, "ಮೊದಲಿಂದಲೂ ಸಂಕೋಚದ ಹುಡುಗಿ ಮೇಡಂ," ಎಂದರು. ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು.

ಮುಂದಿನ ವಾಕ್ಯ ನನ್ನ ನಾಲಿಗೆಯ ಮೇಲೆಯೇ ಇತ್ತು. ಇದು ವಿನಯ ಅಲ್ಲ ಮೇಡಂ, ನಾಲ್ಕನೇ ಅಧ್ಯಾಯ ಪೂರ್ತಿ ತಪ್ಪು, ಬೇರೆ ಕೆರೆಗಳನ್ನ ಒಣಗಿಸಬೇಡಿ. ದೊಡ್ಡ ಮೇಡಂ ಕೇಳಿಯೂ ಕೇಳಿದರು, "ಇನ್ನೇನಾದ್ರೂ ಹೇಳೋದಿದೆಯಾ?" ಕೋಣೆಯ ತುಂಬ ನಗುಮುಖಗಳು. ಕೊನೇ ಸಾಲಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಲ್ಲರಿಗೂ ಧನ್ಯವಾದ," ಎಂದೆ.

ಚಹಾ ಬಂತು. ದೊಡ್ಡ ಮೇಡಂ ಬಿಸ್ಕತ್ತು ಕಡಿಯುತ್ತಲೇ ನನ್ನ ಪದವಿಯ ಕಾಗದಕ್ಕೆ ಸಹಿ ಹಾಕಿದರು, ಅದೇ ಪೆನ್ನಿನಲ್ಲಿ ಬಾತಕ್ಕ ಮುಂದೆ ಚಾಚಿದ ಕೆರೆಗಳ ಫೈಲಿಗೂ ಹಾಕಿದರು. ಎರಡಕ್ಕೂ ಸೇರಿ ಅರ್ಧ ನಿಮಿಷ ಹಿಡಿಯಲಿಲ್ಲ. ಬಾತಕ್ಕ ಫೈಲು ಮುಚ್ಚಿ ನನ್ನ ಹತ್ತಿರ ಬಂದು, "ನೀನು ಹೇಳಿದೆಯಲ್ಲ ಕಣೇ. ಅವರು ಕೇಳಿಸ್ಕೊಳ್ಳದೇ ಇದ್ರೆ ನೀನೇನು ಮಾಡ್ತೀಯ?" ಎಂದಳು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಾನು ಏನು ಮಾಡಬಹುದಿತ್ತು ಎಂದು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಮ್ಮನ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಅರ್ಧಕ್ಕೆ ಬಂದಾಗ ಅವಳು ನಿಂತಳು.

"ಹಕ್ಕಿ ಎಲ್ಲಿತ್ತೋ ಗೊತ್ತಿಲ್ಲ ಅಂದೆಯಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಅವರೆಲ್ಲ ನಕ್ರು ಸರಿ. ನೀನು ತಮಾಷೆ ಮಾಡೋ ಹಾಗೆ ಕಾಣಲಿಲ್ಲ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ಗೊತ್ತಿಲ್ವೇನೇ?"

ಅಷ್ಟೂ ಜನರಲ್ಲಿ ನನ್ನ ಮಾತನ್ನು ನಾನು ಹೇಳಿದ ಹಾಗೆಯೇ ಕೇಳಿಸಿಕೊಂಡವಳು ಅವಳೊಬ್ಬಳೇ.

"ಗೊತ್ತಮ್ಮ," ಎಂದೆ. "ಅಲ್ಲೇ ಇತ್ತು."

ಅಮ್ಮ ನಿಟ್ಟುಸಿರು ಬಿಟ್ಟು, ನನ್ನ ಕೆನ್ನೆ ಸವರಿ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.